ಮೂರನೇ ಕೂಗು

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೇಳು ವರ್ಷ ಬಿದಿರ ಗಳದ ಮೇಲೆ ನಿಂತು ದುಡಿದವನು ಗಾಳಿಗೆ ಹೆದರುತ್ತ ಕೂತರೆ ಮನೆಯಲ್ಲಿ ಒಲೆ ಹತ್ತುತ್ತದೇನ್ರಿ? ನಾನು ನಂಬಿದ್ದು ಹಗ್ಗವನ್ನು, ಹಗ್ಗದ ಗಂಟನ್ನು. ನನ್ನ ಹೆಂಡತಿ ಗಂಗವ್ವ ಅಮಾವಾಸ್ಯೆಗೊಮ್ಮೆ ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಿದ್ದಳು. "ಅದನ್ನ ಹಿಂಡಿ ಶರಬತ್ ಮಾಡಿಕೊಟ್ರ ನನ್ನ ಮೈಯಾಗಿನ ದೆವ್ವರ ತಣ್ಣಗಾಕ್ಕೈತಿ" ಅಂತ ನಾನು ನಗೆಯಾಡುತ್ತಿದ್ದೆ. ಅಂಥ ಮನುಷ್ಯ ಇದನ್ನು ಬರೆಯುತ್ತಿದ್ದೇನೆ ಅಂದರೆ ನೀವು ಸ್ವಲ್ಪ ತಾಳಿಕೊಂಡು ಓದಬೇಕು.

ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಬಿಜಾಪುರದ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಅಕ್ಷರ ಡೊಂಕು. ಈಗ ಆಂಟಾಪ್ ಹಿಲ್‌ನ ಒಂದು ಕೋಣೆಯ ನಮ್ಮ ಖೋಲಿಯಲ್ಲಿ ಮೂರೇ ಜನ. ಹೆಂಡತಿಗೆ ಯಾವ ಭಾಷೆಯೂ ಓದಲು ಬಾರದು. ಮೊಮ್ಮಗಳು ಪೂಜಾಗೆ ಕನ್ನಡ ಓದಲು ಬಾರದು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬರೆಯುವುದಕ್ಕೆ ಕಾರಣ ನನ್ನ ಸಂತೋಷ. ಹೋದ ವಾರ ಪೂಜಾ ನಟಿಸಿದ ಒಂದು ಸೀರಿಯಲ್ ಮೊಬೈಲಿನಲ್ಲಿ ಬಂತು. ಅವಳ ಮುಖ ಬಂತು! ಬೆನ್ನಲ್ಲ, ಹಾರುವ ಕೂದಲಲ್ಲ, ಮುಖ. ಇಪ್ಪತ್ತೆರಡು ವರ್ಷದ ಹುಡುಗಿ, ಗೋಡೆ ಹತ್ತಿ ಆಚೆ ಜಿಗಿದು, ಎದ್ದು ನಿಂತು, ನೇರ ನಮ್ಮ ಕಡೆ ನೋಡಿ ನಾಲ್ಕು ಮಾತಾಡಿದಳು. ಕೊನೆಗೆ ಓಡುವ ಹೆಸರುಗಳಲ್ಲಿ ಅವಳ ಹೆಸರು ಎರಡು ಸಲ ಇತ್ತಂತೆ, ಒಂದು ನಟಿ ಅಂತ, ಇನ್ನೊಂದು ಫೈಟರ್ ಅಂತ. ನಾನು ನಮ್ಮ ಬಿಲ್ಡಿಂಗಿನ ಮನೆಮನೆಗೂ ಪೇಡೆ ಹಂಚಿದೆ. ಎರಡನೇ ಮಾಳಿಗೆಯ ಶೆಟ್ಟರು, "ಏನಜ್ಜ, ಮೊಮ್ಮಗಳ ಮದುವೆಯಾ?" ಅಂದರು. "ಅದಕ್ಕಿಂತ ದೊಡ್ಡದ್ರಿ" ಅಂದೆ. ಪೇಡೆ ತಿನ್ನುತ್ತಿದ್ದ ಅವರೆದುರಿಗೇ ನನಗೆ ಅಳು ಬಂದುಬಿಟ್ಟಿತು. ಯಾಕೆ ಅಂತ ಅವರಿಗೆ ಹೇಳಲಾಗಲಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ಕಸುಬು ಪರಾಂಚಿ ಕಟ್ಟುವುದು. ಅಂದರೆ ಏಳುತ್ತಿರುವ ಕಟ್ಟಡದ ಸುತ್ತ ಬಿದಿರ ಗಳ ಕಟ್ಟಿ, ಗೋಡೆಗೆ ಗಾರೆ ಮೆತ್ತಿ ಗಿಲಾವು ಮಾಡುವವರು, ಬಣ್ಣ ಹಚ್ಚುವವರು ನಿಲ್ಲುವುದಕ್ಕೆ ಅಟ್ಟ ಮಾಡಿಕೊಡುವುದು. ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಕೆಳಗಿನವನು ಹಗ್ಗದಿಂದ ಗಳ ಎತ್ತಿಕೊಡುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಮೇಲಿನವನು ಒಂದು ಕೂಗು ಹಾಕಿದರೆ ಕೈ ಮುಟ್ಟಿತು ಅಂತ. ಎರಡು ಕೂಗು ಹಾಕಿದರೆ ಹಿಡಿದೆ ಅಂತ. ಮೂರನೇ ಕೂಗು ಹಾಕಿದರೆ ಕಟ್ಟಿದೆ, ಇನ್ನು ನೀನು ಹಗ್ಗ ಬಿಡು ಅಂತ. ಮೂರನೇ ಕೂಗು ಕೇಳುವ ತನಕ ಕೆಳಗಿನವನು ಬಿಡಬಾರದು. ಅಂಗೈ ಸುಲಿದರೂ ಬಿಡಬಾರದು.

ಗಂಗವ್ವನದೂ ಮೂರರದೇ ಪದ್ಧತಿ, ಆದರೆ ಬೇರೆ ಲೆಕ್ಕ. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲನೇ ಕೂಗಿಗೆ ಓ ಅನ್ನಬಾರದು, ಎರಡನೇದಕ್ಕೂ ಅನ್ನಬಾರದು. ದೆವ್ವಕ್ಕೆ ಮೂರನೇ ಸಲ ಕೂಗಲು ಬರುವುದಿಲ್ಲವಂತೆ. ಮೂರನೇ ಕೂಗು ಬಂದರೆ ಅದು ಮನುಷ್ಯರದು, ಓಗೊಡಬಹುದು. ನಮ್ಮ ಕಡೆ ಹಳೆಯ ಹೆಂಗಸರೆಲ್ಲ ಇದನ್ನೇ ಹೇಳುತ್ತಾರೆ.

ನಮಗೆ ಒಬ್ಬಳೇ ಮಗಳು. ಕಾಶವ್ವ, ಮನೆಯಲ್ಲಿ ಕಾಶಿ. ಅವಳಿಗೆ ನಾನು ಕೆಲಸಕ್ಕಾಗಿ ಮೂರು ಅಂತ ಕಲಿಸಿದೆ, ಅವಳ ತಾಯಿ ದೆವ್ವಕ್ಕಾಗಿ ಮೂರು ಅಂತ ಕಲಿಸಿದಳು. ಹಿಂಗಾಗಿ ಕೂಸಿನ ರಕ್ತದಲ್ಲೇ ಮೂರು ಕೂತುಬಿಟ್ಟಿತು. ಶಾಲೆಯಲ್ಲಿ ಮಾಸ್ತರರು ಹಾಜರಿ ಕೂಗಿದರೆ ಮೊದಲನೇ ಸಲ ಸುಮ್ಮನಿರುತ್ತಿದ್ದಳು, ಎರಡನೇ ಸಲಕ್ಕೂ ಸುಮ್ಮನೆ. ಮೂರನೇ ಸಲ ಮಾಸ್ತರರು ಛಡಿ ಎತ್ತಿಕೊಂಡು ಕೂಗಿದಾಗ ಗಟ್ಟಿಯಾಗಿ "ಹಾಜರ್!" ಅನ್ನುತ್ತಿದ್ದಳು. "ನಿಮ್ಮ ಹುಡಿಗಿಗೆ ಕಿವಿ ಮಂದ ಅದಾವೇನು?" ಅಂತ ಕೇಳಲು ಅವರು ನನ್ನನ್ನು ಕರೆಸಿದ್ದರು.

ಅವಳಿಗೆ ಎತ್ತರದ ಹೆದರಿಕೆ ಎಂಬುದೇ ಇರಲಿಲ್ಲ. ಎಂಟು ವರ್ಷದವಳಿದ್ದಾಗ ನನ್ನ ಬುತ್ತಿ ತಂದವಳು ಕೆಳಗೆ ಇಟ್ಟು ಹೋಗುವ ಬದಲು ನಾಲ್ಕನೇ ಮಾಳಿಗೆಯ ತನಕ ಗಳ ಹಿಡಿದು ಹತ್ತಿ ಬಂದಳು. ಬುತ್ತಿಗಂಟು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು! ಕೆಳಗಿಳಿಸಿ ಕಪಾಳಕ್ಕೆ ಒಂದು ಕೊಟ್ಟೆ. ಕೊಟ್ಟ ಮೇಲೆ ಜೊತೆಯ ಬಸಪ್ಪನಿಗೆ, "ನೋಡಿದ್ಯೇನೋ, ಎಲ್ಲಿ ಕಾಲಿಡಬೇಕು ಅಂತ ಒಮ್ಮೆನೂ ಕೆಳಗ ನೋಡಲಿಲ್ಲ" ಅಂತ ಹೇಳಿಕೊಂಡೆ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಸಿನಿಮಾಕ್ಕೆ ಹೋದದ್ದೂ ಪರಾಂಚಿಯಿಂದಲೇ. ನಾವು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಶೂಟಿಂಗಿನವರು ಬಂದಿದ್ದರು. ಹೀರೋಯಿನ್ ಬಿದಿರ ಮೇಲೆ ಓಡಬೇಕು. ಅವಳ ಬದಲು ಓಡಬೇಕಾದ ಡುಪ್ಲಿಕೇಟ್ ಹುಡುಗಿಗೆ ಕಾಲು ಉಳುಕಿತ್ತು. ಕಾಶಿ ಆಗ ಕೆಳಗೆ ಮಾಲು ಹೊರುತ್ತಿದ್ದಳು. ಬುಟ್ಟಿ ಇಳಿಸಿ, "ನಾ ಓಡ್ತೀನಿ" ಅಂದಳು. ಫೈಟ್ ಮಾಸ್ಟರ್ ಹೆಸರು ಕೇಳಿದ. ಕಾಶವ್ವ ಅನ್ನುವುದು ಅವನ ಬಾಯಲ್ಲಿ ಹೊರಳಲಿಲ್ಲ. "ಕಶಿಶ್" ಅಂತ ಬರೆದುಕೊಂಡ. ಅವತ್ತಿನಿಂದ ಹನ್ನೆರಡು ವರ್ಷ ನನ್ನ ಮಗಳು ಅಲ್ಲಿ ಕಶಿಶ್, ಇಲ್ಲಿ ಕಾಶಿ.

ಕುದುರೆಯಿಂದ ಬಿದ್ದಳು. ಓಡುವ ರಿಕ್ಷಾದಿಂದ ಜಿಗಿದಳು. ಗಾಜು ಒಡೆದುಕೊಂಡು ಹೊರಬಂದಳು. ಬೆಂಕಿ ಹತ್ತಿದ ಸೀರೆಯಲ್ಲಿ ಓಡಿದಳು. ಮನೆಗೆ ಬಂದ ಮೇಲೆ ಗಂಗವ್ವ ಎಣ್ಣೆ ಅರಿಶಿನ ಹಚ್ಚುತ್ತ ಬೈಯುತ್ತಿದ್ದಳು, "ಯಾರದರ ಸೊಂಟ ಉಳಸಾಕ ನನ್ನ ಮಗಳ ಸೊಂಟ ಮುರಕೊಳ್ಳೂದೇನು?" ಕಾಶಿ ಬೋರಲು ಮಲಗಿಕೊಂಡೇ ನಗುತ್ತಿದ್ದಳು. "ಯವ್ವಾ, ನಾ ಬೀಳಾಂಗಿಲ್ಲ. ನಾ ಇಳೀತೀನಿ. ಮೊದಲು ಭುಜ, ಆಮ್ಯಾಲ ಬೆನ್ನು. ತಲಿ ಕಡೀಕ." ಮದುವೆಯಾಯಿತು, ಪೂಜಾ ಹುಟ್ಟಿದಳು. ಅಳಿಯ ಬೇರೆ ಸಂಸಾರ ಮಾಡಿಕೊಂಡು ಹೋದ, ಅವನ ಸುದ್ದಿ ಇಲ್ಲಿ ಬೇಡ. ಕಾಶಿ ಮಗಳನ್ನು ಕರೆದುಕೊಂಡು ನಮ್ಮ ಖೋಲಿಗೇ ಬಂದಳು.

ಅವಳಿಗೆ ಒಂದೇ ಆಸೆ ಇತ್ತು. ತೆರೆಯ ಮೇಲೆ ತನ್ನ ಮುಖ ಬರಬೇಕು, ಒಂದು ಮಾತಾದರೂ ಆಡಬೇಕು. ಡುಪ್ಲಿಕೇಟ್ ಅಂದರೆ ಮುಖ ಮುಚ್ಚುವುದೇ ಕಸುಬು. ಬೀಳುವಾಗ ಕೂದಲು ಮುಂದೆ ಬರಬೇಕು, ಏಳುವಾಗ ಬೆನ್ನು ತಿರುಗಿರಬೇಕು. ಒಂದು ಸಲ ಸೀರಿಯಲ್ ಒಂದರಲ್ಲಿ ಪೊಲೀಸ್ ಹವಾಲ್ದಾರಳ ಪಾತ್ರ ಸಿಕ್ಕಿತು. "ಸಾಬ್, ಗಾಡಿ ತಯ್ಯಾರ್ ಹೈ." ಅಷ್ಟೇ ಮಾತು. ಮೂರು ದಿನ ಕನ್ನಡಿಯ ಮುಂದೆ ನಿಂತು ಹೇಳಿಕೊಂಡಳು. ನಳದ ಮುಂದೆ ನೀರಿಗೆ ನಿಂತ ಹೆಂಗಸರೆಲ್ಲ ಅವಳನ್ನು ಕಂಡರೆ ಸಲಾಮು ಹೊಡೆದು "ಸಾಬ್, ಗಾಡಿ ತಯ್ಯಾರ್ ಹೈ" ಅನ್ನುವಷ್ಟಾಯಿತು. ಟಿವಿಯಲ್ಲಿ ಬಂದ ದಿನ ಹತ್ತು ಮನೆಯವರು ನಮ್ಮ ಖೋಲಿಯಲ್ಲಿ ಕೂತಿದ್ದರು. ಮಾತು ಕೇಳಿಸಿತು. ಆದರೆ ಆ ಹೊತ್ತಿಗೆ ಕ್ಯಾಮೆರಾ ಇನ್ಸ್‌ಪೆಕ್ಟರನ ಮುಖದ ಮೇಲಿತ್ತು. ಕಾಶಿಯ ಟೊಪ್ಪಿಗೆಯ ಅಂಚು ಮಾತ್ರ ಕಾಣಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಎದ್ದು ಚಹಾ ಇಡಲು ಹೋದಳು. ಬಹಳ ಹೊತ್ತು ಆ ಚಹಾ ಬರಲಿಲ್ಲ.

ಇನ್ನು ಆ ದಿನದ ಮಾತು. ಹದಿನೈದು ವರ್ಷ ಆಯಿತು. ಪೂಜಾಗೆ ಆಗ ಏಳು.

ನಾನು ಚೆಂಬೂರಿನಲ್ಲಿ ಆರನೇ ಮಾಳಿಗೆಯ ಹೊರಗೆ ಗಳದ ಮೇಲೆ ಕೂತು ಗಂಟು ಬಿಗಿಯುತ್ತಿದ್ದೆ. ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು, ಮೂರು ಗಂಟೆ ಇರಬಹುದು. ಒಳ್ಳೆಯ ಬಿಸಿಲು. ಇದ್ದಕ್ಕಿದ್ದಂತೆ "ಯಪ್ಪಾ" ಅಂತ ಕೇಳಿಸಿತು. ಕಾಶಿಯ ದನಿ. ದೂರದಿಂದಲ್ಲ, ಕೆಳಗಿನಿಂದಲೂ ಅಲ್ಲ, ಪಕ್ಕದ ಗಳದ ಮೇಲೆ ಕೂತವರು ಕರೆದ ಹಾಗೆ. ಸಣ್ಣವಳಿದ್ದಾಗ ಬುತ್ತಿ ತಂದು ಕರೆಯುತ್ತಿದ್ದಳಲ್ಲ, ಹಾಗೆ. ನಾನು ಓ ಅನ್ನಲಿಲ್ಲ. ದೆವ್ವದ ಹೆದರಿಕೆಯಿಂದಲ್ಲ, ಆಣೆ ಮಾಡಿ ಹೇಳುತ್ತೇನೆ. ಕೈಯಲ್ಲಿ ಹಗ್ಗ ಇತ್ತು. ಹಗ್ಗ ಕೈಯಲ್ಲಿದ್ದಾಗ ಮೂರನೇ ಕೂಗಿಗೆ ಕಾಯುವುದು ನನ್ನ ಮೈಗೆ ಹತ್ತಿದ ರೂಢಿ. ಇನ್ನೊಂದು ಸಲ "ಯಪ್ಪಾ" ಅಂತ ಬಂತು. ನಾನು ಹಗ್ಗ ಬಿಗಿಹಿಡಿದು ಕಾದೆ. ಮೂರನೇದು ಬರಲಿಲ್ಲ.

"ಬಸಪ್ಪಾ, ಕಾಶಿ ಬಂದಾಳೇನೋ ಕೆಳಗ?" ಅಂದೆ. ಅವನು ಬಗ್ಗಿ ನೋಡಿದ. "ಯಾರೂ ಇಲ್ಲಲೇ. ಬಿಸಿಲು ನೆತ್ತಿಗೇರೇತಿ ನಿನಗ, ನೀರು ಕುಡಿ" ಅಂದ. ಕಾಶಿ ಅವತ್ತು ಗೋರೆಗಾಂವ್ ಕಡೆ ಯಾವುದೋ ಸ್ಟುಡಿಯೋದಲ್ಲಿದ್ದಳು. ಚೆಂಬೂರಿಗೆ ಯಾಕೆ ಬರುತ್ತಾಳೆ? ನಾನು ನಕ್ಕು ನೀರು ಕುಡಿದೆ. ನೋಡ್ರಿ, ನಕ್ಕೆ.

ಐದು ಗಂಟೆಗೆ ಫೋನ್ ಬಂತು. ಆಸ್ಪತ್ರೆಗೆ ಹೋದಾಗ ಅವಳಿಗೆ ಎಚ್ಚರ ಇರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು. ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ. ಹನ್ನೆರಡು ವರ್ಷ ಮುಚ್ಚಿ ಕಾಪಾಡಿದ ಮುಖ.

ಹೇಗಾಯಿತು ಅಂತ ನಮಗೆ ಹೇಳಿದವಳು ಅಲ್ಲಿ ಕೂದಲು ಕಟ್ಟುವ ಮರಾಠಿ ಹೆಂಗಸು. ಎಲ್ಲರೂ ಅವಳನ್ನು ತಾಯಿ ಅನ್ನುತ್ತಾರೆ, ಮರಾಠಿಯಲ್ಲಿ ಅಂದರೆ ಅಕ್ಕ. ಅವತ್ತು ಕಾಶಿಯ ಹಳೆಯ ಮಾಸ್ಟರ್ ಇರಲಿಲ್ಲ, ಬೇರೆ ತಂಡ. ಸೊಂಟಕ್ಕೆ ತಂತಿ ಕಟ್ಟಿಕೊಂಡು ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾರಬೇಕು, ತಂತಿಯನ್ನು ಹಿಂದಿನಿಂದ ಆಳುಗಳು ಎಳೆಯುತ್ತಾರೆ. ಏಕ್, ದೋ, ತೀನ್ ಅನ್ನುವುದು ಎಲ್ಲ ಕಡೆ ಇದ್ದದ್ದೇ. ಆದರೆ ಈ ತಂಡದವರು ದೋ ಅನ್ನುತ್ತಲೇ ಎಳೆಯುವವರು, ತೀನ್ ಅನ್ನುವ ಹೊತ್ತಿಗೆ ಮನುಷ್ಯ ಗಾಳಿಯಲ್ಲಿರಬೇಕು. ಅದನ್ನು ಯಾರೂ ಅವಳಿಗೆ ಬಿಡಿಸಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವರು ಎರಡಕ್ಕೆ ಎಳೆದರು. ನನ್ನ ಮಗಳು ಮೂರಕ್ಕೆ ಕಾಯುತ್ತ ನಿಂತಿದ್ದಳು.

ಮೂರಕ್ಕೆ ಕಾಯಬೇಕು ಅಂತ ಅವಳಿಗೆ ಕಲಿಸಿದವನು ಯಾರು? ನೀವೇ ಹೇಳಿರಿ. ಹದಿನೈದು ವರ್ಷದಿಂದ ನಾನು ಇದನ್ನು ನುಂಗುತ್ತಿದ್ದೇನೆ, ಇಳಿಯುವುದಿಲ್ಲ.

ಆ ಹೆಂಗಸು ಇನ್ನೊಂದು ಮಾತು ಹೇಳಿದಳು. ಬಿದ್ದ ಮೇಲೆ ಕಾಶಿ ಎರಡು ಸಲ "ಯಪ್ಪಾ, ಯಪ್ಪಾ" ಅಂದಳಂತೆ. ಆಮೇಲೆ ಮಾತು ನಿಂತಿತು. ಊಟವಾದ ಮೇಲಿನ ಮೊದಲನೇ ಶಾಟ್, ಮೂರು ಗಂಟೆ ಅಂದಳು. ನಮ್ಮ ಭಾಷೆಯಲ್ಲಿ ನೋವಾದರೂ ಯಪ್ಪಾ ಅನ್ನುತ್ತೇವೆ, ಅಪ್ಪನನ್ನು ಕರೆಯುವುದಕ್ಕೂ ಯಪ್ಪಾ ಅನ್ನುತ್ತೇವೆ. ಅವಳಿಗೆ ನೋವಾಯಿತೋ, ನನ್ನನ್ನು ಕರೆದಳೋ, ಆ ಮರಾಠಿ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ನನಗೂ ಗೊತ್ತಿಲ್ಲ.

ಗೋಡೆಗೆ ಹಾಕಲು ಫೋಟೋ ಹುಡುಕಿದೆವು. ಸಿಕ್ಕ ಫೋಟೋಗಳಲ್ಲೆಲ್ಲ ಅವಳು ಬೆನ್ನು ತಿರುಗಿಸಿದ್ದಳು. ನೆಂಟರ ಮದುವೆಯ ಫೋಟೋ, ಪೂಜಾಳ ಹುಟ್ಟುಹಬ್ಬದ ಫೋಟೋ, ಎಲ್ಲದರಲ್ಲೂ ಕ್ಯಾಮೆರಾ ಕಂಡ ಕೂಡಲೇ ರೂಢಿಯಿಂದ ಮುಖ ತಿರುಗಿಸಿಬಿಟ್ಟಿದ್ದಾಳೆ. ಕೊನೆಗೆ ರೈಲ್ವೆ ಪಾಸಿಗೆ ಅಂತ ತೆಗೆಸಿದ ಬೆರಳುದ್ದದ ಫೋಟೋ ದೊಡ್ಡದು ಮಾಡಿಸಿದೆವು. ದೊಡ್ಡದು ಮಾಡಿದಷ್ಟೂ ಮುಖ ಮಸುಕಾಯಿತು. ಅದೇ ಇದೆ ಇವತ್ತಿಗೂ.

ಆಮೇಲೆ ನಾನು ಗಳ ಹತ್ತಲಿಲ್ಲ. ಕಟ್ಟಡಗಳ ಕೆಳಗೆ ವಾಚ್‌ಮನ್ ಆಗಿ ಕೂತೆ. ಚೆಂಬೂರಿನಲ್ಲಿ ಕೇಳಿದ್ದನ್ನು ಗಂಗವ್ವನಿಗೆ ಕೂಡ ಹೇಳಲಿಲ್ಲ. ಬಿಸಿಲು ನೆತ್ತಿಗೇರಿತ್ತು ಅಂತ ನನಗೆ ನಾನೇ ಹೇಳಿಕೊಂಡೆ.

ಪೂಜಾ ಬೆಳೆದಳು. ಮುನಿಸಿಪಾಲಿಟಿ ಶಾಲೆಯಲ್ಲಿ ಮಲ್ಲಕಂಬ ಕಲಿತಳು. ನನಗೆ ಅದೂ ಬೇಡವಾಗಿತ್ತು. ಹನ್ನೆರಡನೆಯದು ಮುಗಿಸಿದ ಮೇಲೆ ಒಂದು ದಿನ ಮುಂಜಾನೆ ಚಹಾ ಕುಡಿಯುತ್ತ ಅಂದಳು, "ಅಜ್ಜಾ, ಗುಸ್ಸಾ ಆಗಬ್ಯಾಡ. ನಾ ಮಮ್ಮಿದು ಕಾಮ್ ಮಾಡ್ತೀನಿ."

ಕಪ್ಪು ನೆಲಕ್ಕೆ ಕುಕ್ಕಿದೆ. "ನನ್ನ ಹೆಣ ಬಿದ್ದ ಮ್ಯಾಲ ಮಾಡು."

"ಮಮ್ಮಿ ಮುಖ ಯಾರೂ ನೋಡಲಿಲ್ಲ ಅಜ್ಜಾ. ಮೇರಾ ದೇಖೇಂಗೇ. ನೋಡ್ತಾರ."

ಗಂಗವ್ವ ನನ್ನ ಕಡೆ ಆಗುತ್ತಾಳೆ ಅಂದುಕೊಂಡಿದ್ದೆ. ಅವಳು ಮಗಳ ಮಸುಕು ಫೋಟೋದ ಕಡೆ ನೋಡುತ್ತ, "ಹೋಗಲಿ ಬಿಡ್ರಿ. ನೀರಿಗೆ ಹುಟ್ಟಿದ ಮೀನಿಗೆ ಈಜಬ್ಯಾಡ ಅಂದ್ರ ಕೇಳ್ತೈತೇನು?" ಅಂದಳು. ನಾಲ್ಕು ದಿನ ನಾನು ಇಬ್ಬರ ಜೊತೆಗೂ ಮಾತು ಬಿಟ್ಟೆ. ಐದನೇ ದಿನ ಒಂದು ಷರತ್ತು ಹಾಕಿದೆ: ಮೊದಲನೇ ಕೆಲಸಕ್ಕೆ ನಾನೂ ಜೊತೆಗೆ ಬರುತ್ತೇನೆ. ಪೂಜಾ ನಕ್ಕಳು. "ಬಾ, ಅಜ್ಜಾ. ಬಾಡಿಗಾರ್ಡ್!"

ಆ ಮೊದಲನೇ ಕೆಲಸ ದಹಿಸರಿನಲ್ಲಿ, ನಾಲ್ಕು ವರ್ಷದ ಹಿಂದೆ. ಸ್ಟುಡಿಯೋ ಅಲ್ಲ, ಅರ್ಧ ಕಟ್ಟಿ ಬಿಟ್ಟ ಒಂದು ಬಿಲ್ಡಿಂಗ್. ಮೂರನೇ ಮಾಳಿಗೆಯ ಅಂಚಿನಿಂದ ಅವಳು ಬೆನ್ನು ಹಿಂದಾಗಿ ಬೀಳಬೇಕು. ಬಟ್ಟೆಯ ಒಳಗೆ ಪಟ್ಟಿ, ಪಟ್ಟಿಗೆ ತಂತಿ. ತಂತಿಯ ತುದಿಯನ್ನು ಅದೇ ಮಾಳಿಗೆಯ ಒಳಗೆ ನಿಲ್ಲಿಸಿದ ಕಬ್ಬಿಣದ ಪೈಪಿನ ಚೌಕಟ್ಟಿಗೆ ಬಿಗಿದಿದ್ದರು. ಅರ್ಧಕ್ಕೆ ತಂತಿ ಅವಳನ್ನು ಹಿಡಿದು ನಿಲ್ಲಿಸಬೇಕು. ಕೆಳಗೆ ರಟ್ಟಿನ ಪೆಟ್ಟಿಗೆ, ಗಾದಿ ಇದ್ದವು. ಆದರೆ ಅವು ಅಷ್ಟು ಎತ್ತರದಿಂದ ಬೀಳುವುದಕ್ಕೆ ಸಾಲುವಂಥವಲ್ಲ.

ಹೊರಡುವ ಮೊದಲು ನಾನು ಅವಳಿಗೆ ಒಂದೇ ಮಾತು ಹೇಳಿದ್ದೆ. "ಎರಡಕ್ಕೋ ಮೂರಕ್ಕೋ, ಬಾಯಿ ಬಿಟ್ಟು ಕೇಳು." ಅವಳು ಎಲ್ಲರ ಎದುರಿಗೆ ಕೇಳಿದಳು. ಫೈಟ್ ಮಾಸ್ಟರ್ ವಯಸ್ಸಾದವನು, ಒಳ್ಳೆಯವನು. "ತೀನ್ ಪರ್, ಬೇಟಾ" ಅಂದ. ನನಗೆ ಸಮಾಧಾನವಾಯಿತು. ನನ್ನನ್ನು ದೂರದಲ್ಲಿ, ಕ್ಯಾಮೆರಾದ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿದರು. ಅಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಒಳಗಿನ ಪೈಪು, ಚೌಕಟ್ಟು ಏನೂ ಕಾಣುತ್ತಿರಲಿಲ್ಲ. ಇದು ನಿಮ್ಮ ನೆನಪಿನಲ್ಲಿರಲಿ.

ಬೆಳಗಿನ ಹನ್ನೊಂದು ಗಂಟೆ. ಎಲ್ಲರೂ ಸುಮ್ಮನಾದರು. ಮೇಲಿನಿಂದ ಮಾಸ್ಟರನ ದನಿ: "ಏಕ್." ನನ್ನ ಎರಡೂ ಕೈ ಕುರ್ಚಿಯನ್ನು ಹಿಡಿದಿದ್ದವು. "ದೋ."

"ಯಪ್ಪಾ."

ಎಡಗಿವಿಯ ಹತ್ತಿರ, ಪಕ್ಕದ ಕುರ್ಚಿಯಲ್ಲಿ ಕೂತವರು ಕರೆದ ಹಾಗೆ. ಹನ್ನೊಂದು ವರ್ಷದ ಹಿಂದೆ ಬಾಕಿ ಉಳಿದಿತ್ತಲ್ಲ, ಅದು. ಅದೇ ದನಿ. ಗಾಬರಿಯ ದನಿಯಲ್ಲ, ನೋವಿನ ದನಿಯೂ ಅಲ್ಲ. ಬುತ್ತಿ ತಂದೀನಿ ಅನ್ನುವ ದನಿ. ನಾನು ಏನೂ ಯೋಚಿಸಲಿಲ್ಲ. ಎದ್ದು ನಿಂತು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ "ಓ!" ಅಂದೆ.

ಆ ಅರ್ಧ ಕಟ್ಟಡವೆಲ್ಲ "ಓ" ಅಂದಿತು. ಮೇಲೆ ಪೂಜಾ ನನ್ನ ದನಿ ಕೇಳಿ ಬೆಚ್ಚಿ, ಅಂಚಿನಿಂದ ಒಂದು ಹೆಜ್ಜೆ ಒಳಗೆ ಹೋದಳು. ಶಾಟ್ ಕೆಟ್ಟಿತು. "ಕಟ್! ಕೌನ್ ಹೈ ಯೇ ಬುಡ್ಢಾ? ಬಾಹರ್ ನಿಕಾಲೋ!" ಅಂತ ಒಬ್ಬ ಮೈಕಿನಲ್ಲಿ ಚೀರಿದ. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಸುತ್ತಲೂ ನೋಡಿದೆ. ಅಲ್ಲಿದ್ದವರಲ್ಲಿ ಯಪ್ಪಾ ಅನ್ನುವಂಥವರು ಒಬ್ಬರೂ ಇರಲಿಲ್ಲ, ಎಲ್ಲರೂ ಬಾಪ್ ರೇ ಅನ್ನುವವರು.

ನನಗೆ ಬಹಳ ನಾಚಿಕೆಯಾಯಿತು. ಹುಡುಗಿಯ ಮೊದಲನೇ ದಿನ, ಅಜ್ಜನಾಗಿ ನಾನೇ ಕೆಡಿಸಿದೆ. ಅವಳ ಕೈ ಹಿಡಿದು ತಪ್ಪಾಯಿತು ಅಂತ ಹೇಳಿ ಹೊರಗೆ ಹೋಗೋಣ ಅಂತ ಮೆಟ್ಟಿಲು ಹತ್ತಿದೆ. ಅವಳ ಬಳಿ ಹೋಗುವಷ್ಟರಲ್ಲಿ ಏದುಸಿರು ಬಂತು. ಆಸರೆಗೆ ಅಂತ ಹತ್ತಿರ ಇದ್ದ ಪೈಪನ್ನು ಹಿಡಿದುಕೊಂಡೆ. ಪೈಪಿಗೆ ಪೈಪು ಕೂಡುವಲ್ಲಿ ಕ್ಲಾಂಪ್ ಇರುತ್ತದೆ. ಪೈಪು ಕಂಡರೆ ಕ್ಲಾಂಪ್ ಮುಟ್ಟಿ ನೋಡುವುದು ನಮ್ಮ ಕಸುಬಿನವರ ಚಾಳಿ. ನನ್ನ ಎರಡು ಬೆರಳಿಗೆ ಅದರ ನಟ್ಟು ಬಾಟಲಿಯ ಮುಚ್ಚಳದ ಹಾಗೆ ತಿರುಗಿತು.

ಆ ಪೈಪೇ ತಂತಿ ಕಟ್ಟಿದ ಪೈಪು.

ಮಾಸ್ಟರನ ಕೈ ಹಿಡಿದು ಅವನ ಬೆರಳನ್ನು ಆ ನಟ್ಟಿನ ಮೇಲೆ ಇಟ್ಟೆ. ಅವನ ಮುಖ ಸುಣ್ಣವಾಯಿತು. ಮುಂಜಾನೆ ಬಿಗಿದದ್ದೇ ನಿಜ, ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ ಅಂತ ಚೌಕಟ್ಟನ್ನು ಸ್ವಲ್ಪ ಸರಿಸಿದ್ದರು, ಮತ್ತೆ ಬಿಗಿಯುವುದನ್ನು ಮರೆತಿದ್ದರು. ಅವನು ನೆಲದ ಮೇಲೆ ಕೂತುಬಿಟ್ಟ. "ಚಾಚಾ, ಆಪ್‌ಕೋ ನೀಚೇ ಸೇ ಕೈಸೇ ದಿಖಾ?" ಅಂದ. ಕೆಳಗಿನಿಂದ ಹೇಗೆ ಕಂಡಿತು? ಕಾಣಲಿಲ್ಲ.

ನ್ಯಾಯವಾಗಿ ಇದನ್ನೂ ಬರೆಯಬೇಕು. ಹಿಂದೆ ಇನ್ನೊಂದು ಕ್ಲಾಂಪ್ ಇತ್ತು, ಅದು ಬಿಗಿಯಾಗಿತ್ತು. ಅದೊಂದೇ ತಡೆದಿರುತ್ತಿತ್ತು, ಏನೂ ಆಗುತ್ತಿರಲಿಲ್ಲ ಅಂತ ಅವನ ಕಡೆಯ ಒಬ್ಬ ಆಮೇಲೆ ಹೇಳಿದ. ಇರಬಹುದು. ನಾನು ಹಗ್ಗ ಗಂಟಿನವನು, ಇಲ್ಲ ಅನ್ನಲಾರೆ. ಮೊಮ್ಮಗಳ ಹೆದರಿಕೆಯಲ್ಲಿ ಮುದುಕನ ಕಿವಿ ತಾನೇ ಮಾಡಿಕೊಂಡ ಸದ್ದು ಅಂತ ನೀವು ಅಂದರೆ ಅದಕ್ಕೂ ಇರಬಹುದು ಅನ್ನುತ್ತೇನೆ. ಆದರೆ ಚೆಂಬೂರಿನಲ್ಲಿ ನನಗೆ ಯಾವ ಹೆದರಿಕೆ ಇತ್ತು? ಅವತ್ತು ನಾನು ಹಾಡು ಗುನುಗುತ್ತ ಗಂಟು ಹಾಕುತ್ತಿದ್ದೆ.

ಎಲ್ಲ ಮತ್ತೆ ಬಿಗಿದ ಮೇಲೆ ಪೂಜಾ ಬಿದ್ದಳು. ಚಂದ ಬಿದ್ದಳು. ಗಾಳಿಗೆ ಮೊದಲು ಭುಜ ಕೊಟ್ಟಳು, ಆಮೇಲೆ ಬೆನ್ನು. ಅವಳಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು ಗಂಗವ್ವನಿಗೆ ಮೊದಲ ಸಲ ಎಲ್ಲ ಹೇಳಿದೆ. ಚೆಂಬೂರಿನದೂ ಹೇಳಿದೆ, ದಹಿಸರಿನದೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಹನ್ನೊಂದು ವರ್ಷ ಮುಚ್ಚಿಟ್ಟದ್ದಕ್ಕೆ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡು, "ಮೂರನೇದಕ್ಕ ಓ ಅಂದ್ರಲ್ಲ?" ಅಂತ ಕೇಳಿದಳು.

"ಅಂದೆ."

"ಹಂಗಾದ್ರ ಅದು ದೆವ್ವ ಅಲ್ಲ. ಮೂರನೇ ಕೂಗು ದೆವ್ವಕ್ಕ ಬರೂದಿಲ್ಲ. ಇದ್ದವರಿಗಷ್ಟ ಬರತೈತಿ." ಇಷ್ಟು ಹೇಳಿ ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವತ್ತಿನಿಂದ ಬಾಗಿಲಿಗೆ ನಿಂಬೆಹಣ್ಣು ಕಟ್ಟುವುದನ್ನು ಬಿಟ್ಟಿದ್ದಾಳೆ. ಯಾಕೆ ಬಿಟ್ಟೆ ಅಂತ ನಾನು ಕೇಳಿಲ್ಲ. ಬಾಗಿಲಿನಲ್ಲಿ ಅದು ಇದ್ದರೆ ಒಳಗೆ ಬರಲಾರದವರು ಯಾರಾದರೂ ಬರಬೇಕು ಅಂತ ಆಕೆಗೆ ಇರಬಹುದು.

ಗಂಗವ್ವನ ಪದ್ಧತಿಯಲ್ಲಿ ನೋಡಿದರೆ ಮೂರನೇ ಕೂಗು ಜೀವ ಇದ್ದವರದು. ನನ್ನ ಪದ್ಧತಿಯಲ್ಲಿ ನೋಡಿದರೆ, ಕಟ್ಟಿದೆ, ಇನ್ನು ನೀನು ಹಗ್ಗ ಬಿಡು ಅಂತ. ಕಾಶಿಗೆ ಎರಡೂ ಗೊತ್ತಿದ್ದವು. ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಕೂಗಿದಳು? ಅಥವಾ ಯಾರೂ ಕೂಗಲೇ ಇಲ್ಲವೋ? ನಾಲ್ಕು ವರ್ಷ ಆಯಿತು, ಮತ್ತೆ ಆ ದನಿ ಕೇಳಿಲ್ಲ. ಈಗ ನಾನು ಯಾರು ಕೂಗಿದರೂ ಮೊದಲನೇ ಕೂಗಿಗೇ ಓ ಅನ್ನುತ್ತೇನೆ. ಕೆಳಗೆ ಭಾಜಿ ಮಾರುವವನು "ಕಾಂದಾ, ಬಟಾಟಾ" ಅಂತ ಕೂಗಿದರೂ ಓ ಅಂದುಬಿಡುತ್ತೇನೆ. ಪೂಜಾ ಬಿದ್ದು ಬಿದ್ದು ನಗುತ್ತಾಳೆ. "ಅಜ್ಜಾ, ವೋ ತುಮ್‌ಕೋ ನಹೀಂ, ಆಲೂ ಕೋ ಕರೀತಾನ!"

ಹೋದ ವಾರ ಆ ಸೀರಿಯಲ್ ಬಂದಾಗ ಅವಳು ತನ್ನ ಮುಖ ಬರುವ ಜಾಗದಲ್ಲಿ ಮೊಬೈಲ್ ನಿಲ್ಲಿಸಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಕಾಶಿಯ ಮಸುಕು ಫೋಟೋದ ಪಕ್ಕ ಹಿಡಿದೆ. ಅದೇ ಹುಬ್ಬು, ಅದೇ ಗಲ್ಲ. ಒಂದು ಬೆಳಕಿನಲ್ಲಿ, ಒಂದು ಮಂಜಿನಲ್ಲಿ. ಹಾಗೇ ಬಹಳ ಹೊತ್ತು ನಿಂತಿದ್ದೆ. "ಕೈ ದುಖತೈತಿ, ಈಗರ ಬಿಡ್ರಿ" ಅಂದಳು ಗಂಗವ್ವ.

ನನ್ನ ಕೈ ಆಗಲೂ ಮೇಲೆಯೇ ಇತ್ತು.